ನಾಗಬನದಲ್ಲಿ ತೆಗೆದ ಹನ್ನೆರಡನೆಯ ಫೋಟೋ

ಮಿಜಾರಿನ ಶಾಲೆಯಲ್ಲಿ ಐದನೆಯ ತರಗತಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ, ನಾನೊಬ್ಬ ಹುಟ್ಟು ಛಾಯಾಗ್ರಾಹಕ ಎಂಬ ಬಲವಾದ ನಂಬಿಕೆ ನನಗಿತ್ತು. ಕೊರತೆ ಇದ್ದದ್ದು ಕ್ಯಾಮರಾ ಒಂದರದ್ದೇ. ಅದನ್ನು ಬಂಟ್ವಾಳದಲ್ಲಿದ್ದ ಹೆಂಡತಿಯ ಅಣ್ಣ ದಸರಾ ರಜೆಗೆಂದು ಕೊಟ್ಟರು.

"ಲೆನ್ಸಿಗೆ ಧೂಳು ಬೀಳಬಾರದು ಭಾವ" ಎಂದು ಮೂರು ಸಲ ಹೇಳಿದರು.

ಕಲಾವಿದನಿಗೆ ಧೂಳಿನ ಪಾಠವೇ? ನಕ್ಕೆ. ಆದರೂ ಧೂಳಿಗೆ ನನ್ನದೇ ಒಂದು ಏರ್ಪಾಡು ಮಾಡಿಕೊಂಡೆ.

ನೋಡುವ ಕಣ್ಣಿದ್ದವನಿಗೆ ದೂರ ಹೋಗುವ ಅಗತ್ಯವಿಲ್ಲ ಎಂಬುದು ನನ್ನ ಸಿದ್ಧಾಂತ. ಮೂಡುಬಿದಿರೆ ಪೇಟೆಯಲ್ಲಿ ಗಾಡಿಗೆ ಒರಗಿ ತೂಕಡಿಸುವ ಗಾಡಿಯವ, ಬಸದಿಯ ಮೆಟ್ಟಿಲ ಮೇಲೆ ಬಿದ್ದ ನೆರಳು, ಕೊಯ್ಲು ಮುಗಿದ ಗದ್ದೆ, ಹೀಗೆ ಹನ್ನೊಂದು ಫೋಟೋ ತೆಗೆದೆ. ಮಡಕೆ ಮಾರುವ ಹೆಂಗಸು, "ನನ್ನ ಮುಖ ಅದರೊಳಗೆ ಹೋಯಿತಾ ಮಾಷ್ಟ್ರೇ?" ಎಂದು ಕೇಳಿದ್ದಳು. "ಹೋಯಿತು, ಚೆನ್ನಾಗಿ ಹೋಯಿತು" ಎಂದು ಭರವಸೆ ಕೊಟ್ಟೆ.

ಹನ್ನೆರಡನೆಯದು ನಮ್ಮ ಕುಟುಂಬದ ನಾಗಬನದ್ದು. ಹಳೆಯ ಮರಗಳ ನಡುವಿನಿಂದ ಬಿಸಿಲು ನೇರ ನಾಗನ ಕಲ್ಲಿನ ಮೇಲೆ ಬೀಳುತ್ತಿತ್ತು. ಚಪ್ಪಲಿಯನ್ನು ಹೊರಗೆ ಬಿಟ್ಟು ಭಕ್ತಿಯಿಂದಲೇ ಒಳಗೆ ಹೋದೆ. ಫೋಟೋ ತೆಗೆದು ತಿರುಗಿದರೆ ಅಮ್ಮ ನಿಂತಿದ್ದಳು. ಅವಳ ಕಣ್ಣು ನನ್ನ ಕೊರಳಿನಲ್ಲಿ ನೇತಾಡುತ್ತಿದ್ದ ಕ್ಯಾಮರಾದ ಚರ್ಮದ ಚೀಲದ ಮೇಲಿತ್ತು.

"ಚರ್ಮ ಕಟ್ಟಿಕೊಂಡು ಬನದೊಳಗೆ ಹೋದೆಯಾ? ಮನೆಯಲ್ಲಿ ಏಳು ತಿಂಗಳ ಬಸುರಿ ಇದ್ದಾಳೆ, ನಿನಗೆ ನೆನಪುಂಟಾ?"

"ಕಾಲ ಬದಲಾಗಿದೆ ಅಮ್ಮ" ಎಂದೆ. ಮನೆಯಲ್ಲಿ ನನ್ನ ಹೊರತು ಯಾರಿಗೂ ಅದು ಗೊತ್ತಾಗಿರಲಿಲ್ಲ.

ಎಂಟು ದಿನದ ಮೇಲೆ ಮಂಗಳೂರಿನ ಸ್ಟುಡಿಯೋಗೆ ತೊಳೆಯಲು ಕಳಿಸಿದ್ದ ಫಿಲ್ಮು ಬಂತು. ಬಿಸಿಲಿಗೆ ಹಿಡಿದು ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಗಾಜಿನ ಹಾಗೆ ಸ್ವಚ್ಛ. ಜೊತೆಗೊಂದು ಚೀಟಿ: "ಒಂದೂ ಮೂಡಿಲ್ಲ."

ಅಮ್ಮ ಜಗಲಿಯಲ್ಲೇ ಕುಳಿತುಬಿಟ್ಟಳು. "ನಾಗ ತೋರಿಸಿಕೊಟ್ಟ" ಎಂದಳು. ಮುಂದಿನ ಪಂಚಮಿಗೆ ಬನದಲ್ಲಿ ತಂಬಿಲ, ಅಂದರೆ ನಾಗನ ಪೂಜೆ, ಮಾಡಿಸುವುದೆಂದು ನಿಶ್ಚಯವಾಯಿತು. ಅಲ್ಲಿಯವರೆಗೆ ಅವಳಿಗೆ ದಿನಕ್ಕೊಂದೇ ಊಟ. ಪಂಚಮಿಗೆ ಇನ್ನೂ ಒಂಬತ್ತು ದಿನ ಇತ್ತು.

ಮೂರೇ ದಿನಕ್ಕೆ ಅಮ್ಮನ ಮುಖ ಇಳಿದುಹೋಯಿತು. ಹೆಂಡತಿ ಸುಶೀಲಾ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಿರುತ್ತಿದ್ದಳು. "ಮಗುವಿಗೆ ಏನಾದರೂ ಆದರೆ?" ಎಂದು ಒಮ್ಮೆ ಕೇಳಿದಳು. ಕಾಲ ಬದಲಾಗಿದೆ ಎನ್ನಲು ಬಾಯಿ ಬರಲಿಲ್ಲ. ನಿಜ ಹೇಳುತ್ತೇನೆ, ನನಗೂ ಹೆದರಿಕೆಯಾಗಿತ್ತು. ಅಂಗಳದಲ್ಲಿ ಬಿದ್ದ ಬಳ್ಳಿ ಕಂಡರೂ ದಾಟದೆ ಸುತ್ತಿ ಹೋಗುತ್ತಿದ್ದೆ.

ಈ ಪೀಡೆ ಮನೆಯಲ್ಲಿ ಬೇಡವೆಂದು, ಭಾವನಿಗೆ ಹಿಂದಿರುಗಿಸಲು ಕ್ಯಾಮರಾವನ್ನು ಚೀಲದಿಂದ ಹೊರತೆಗೆದು ಒರೆಸತೊಡಗಿದೆ. ಬೆರಳಿಗೆ ಬಟ್ಟೆ ತಾಗಿತು. ಧೂಳು ಬೀಳಬಾರದೆಂದು ಹಳೆಯ ಕೊಡೆಯ ಕಪ್ಪು ಬಟ್ಟೆಯಿಂದ ನಾನೇ ಹೊಲಿದ ಟೊಪ್ಪಿ ಲೆನ್ಸಿನ ಮೇಲೆ ಭದ್ರವಾಗಿ ಕುಳಿತಿತ್ತು. ಆ ಕ್ಯಾಮರಾದಲ್ಲಿ ನಾವು ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ. ನಾನು ಊರೆಲ್ಲ ನೋಡಿದ್ದೆ. ಲೆನ್ಸು ಕೊಡೆಯ ಬಟ್ಟೆ ನೋಡಿತ್ತು. ಹನ್ನೆರಡು ಸಲವೂ!

ಕೂಡಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ನಾಗನ ಕೋಪಕ್ಕೆ ಗುರಿಯಾದವನೆಂದು ಊರಿನಲ್ಲಿ ಒಂದು ತೂಕ ಬಂದಿತ್ತು. ಹೆಡ್‌ಮಾಷ್ಟ್ರು ಕೂಡ ನನ್ನನ್ನು ಕಂಡರೆ ಮರ್ಯಾದೆಯಿಂದ ದೂರ ನಿಲ್ಲುತ್ತಿದ್ದರು. ಟೊಪ್ಪಿ ತೆಗೆಯಲು ಮರೆತವನಿಗೆ ಅಷ್ಟು ಗೌರವ ಸಿಗುವುದಿಲ್ಲ. ಒಂದು ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದೆ.

ಮರುದಿನ ಬಾವಿಯಿಂದ ಕೊಡ ತರುತ್ತಿದ್ದ ಅಮ್ಮ ತಲೆ ತಿರುಗಿ ಗೋಡೆ ಹಿಡಿದು ನಿಂತಳು. ಕೊಡ ಬಿದ್ದು ಉರುಳಿತು. ಅವಳನ್ನು ಕೂರಿಸಿ, ಟೊಪ್ಪಿಯನ್ನು ಅವಳ ಮಡಿಲಲ್ಲಿಟ್ಟು ಎಲ್ಲ ಒಪ್ಪಿಸಿದೆ.

ಸುಶೀಲಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅಮ್ಮ ನಗಲಿಲ್ಲ. "ಯಾವಾಗ ಗೊತ್ತಾಯಿತು?" ಎಂದಳು.

"ನಿನ್ನೆ."

ಅವಳು ಟೊಪ್ಪಿಯನ್ನು ತೆಗೆದು ನನ್ನ ಕೈಗೆ ಹಾಕಿದಳು. ಆಮೇಲೆ, "ಸುಶೀಲಾ, ಊಟ ಬಡಿಸು" ಎಂದಳು.

"ಹಾಗಾದರೆ ತಂಬಿಲ ಬೇಡವಾ ಅಮ್ಮ?"

"ಯಾಕೆ ಬೇಡ? ಈಗಲೇ ಹೆಚ್ಚು ಬೇಕು."

ಪಂಚಮಿಯ ದಿನ ಭಟ್ಟರು ಕಲ್ಲಿಗೆ ಹಾಲೆರೆದು, "ಏನೆಂದು ಪ್ರಾರ್ಥನೆ ಮಾಡುವ?" ಎಂದು ಕೇಳಿದರು.

"ಇವನಿಗೆ ಬುದ್ಧಿ ಬರಲಿ ಅಂತ ಮಾಡಿ ಭಟ್ರೆ" ಎಂದಳು ಅಮ್ಮ. "ಅದಕ್ಕೆ ಮಂತ್ರ ಉಂಟಾ?"

ಭಟ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮಂತ್ರ ಇಲ್ಲ. ಕೇಳಿ ನೋಡುವ" ಎಂದರು.

ನನ್ನ ಹೆಸರು, ನಕ್ಷತ್ರ ಎಲ್ಲ ಸ್ಪಷ್ಟವಾಗಿ ಹೇಳಿ, ನಾಗನ ಎದುರಿನಲ್ಲಿ ನನ್ನ ಬುದ್ಧಿಗಾಗಿ ಸಾಮೂಹಿಕ ಪ್ರಾರ್ಥನೆ ನಡೆಯಿತು. ಕುಟುಂಬದವರೆಲ್ಲ ಕೈಮುಗಿದಿದ್ದರು. ಅವರೆಲ್ಲರಿಗಿಂತ ಭಕ್ತಿಯಿಂದ ಕೈಮುಗಿದು ನಿಂತವನು ನಾನೇ.