ಮೂರು ಕಡೆ ವಿಚಾರಿಸಿದ ಸುದ್ದಿ

ಮಾವಿನ ಹೂವು ಉದುರಿ ಮಿಡಿ ಕಾಣಿಸಿಕೊಳ್ಳುವ ಕಾಲ. ಸೋಮವಾರ, ಬೆಳಗಿನ ಕಾಫಿಯ ಹೊತ್ತು. ಶ್ರೀನಿವಾಸಪುರದಲ್ಲಿ ವಿಶ್ವವಿದ್ಯಾಲಯದ ಶಾಖೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದ ಕದಿರೇಶ್, ಫೋನಿನಲ್ಲಿ ಒಂದು ಸುಳ್ಳು ಬರೆದ. ಕೆಟ್ಟ ಬುದ್ಧಿಯಿಂದಲ್ಲ, ಪಾಠಕ್ಕೆ.

ಸುದ್ದಿಯಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಪರೀಕ್ಷಿಸಿ ನೋಡುವುದನ್ನು ಡಿಗ್ರಿ ಮಕ್ಕಳಿಗೆ ಲೈಬ್ರರಿಯವರೇ ಕಲಿಸಬೇಕು ಎಂದು ಮೇಲಿನಿಂದ ಹೇಳಿದ್ದರು. ಕದಿರೇಶ್ ಶನಿವಾರವೇ ಪಾಠ ಮಾಡಿದ್ದ. "ಒಬ್ರು ಹೇಳಿದ್ರು ಅಂತ ನಂಬಬೇಡಿ. ಮೂರು ಕಡೆ ವಿಚಾರಿಸಿ. ಇಲ್ಲಾ, ಸುದ್ದಿ ಹುಟ್ಟಿದ ಕಡೆಗೇ ಹೋಗಿ ಕೇಳಿ."

ಈಗ ಪರೀಕ್ಷೆಗೆ ಒಂದು ಸುಳ್ಳು ಬೇಕಿತ್ತು. ಬೇರೆಯವರ ಹೆಸರು ಹಾಕಿದರೆ ಜಗಳ. ತನ್ನ ಹೆಸರೇ ಹಾಕಿಕೊಂಡರೆ ಯಾರಿಗೇನು? ಮಕ್ಕಳ ಗುಂಪಿಗೆ ಕಳಿಸಿಯೇಬಿಟ್ಟ: "ಲೈಬ್ರರಿಯ ಕದಿರೇಶ್ ಅವರಿಗೆ ನಂಗಲಿಗೆ ವರ್ಗ. ಕೋಲಾರದ ಆಫೀಸಿನ ಆದೇಶ." ಅದರ ಹಿಂದೆಯೇ ಇನ್ನೊಂದು: "ಇದು ನಿಜವೋ ಸುಳ್ಳೋ ವಿಚಾರಿಸಿ ಬರೆದು ತನ್ನಿ."

ನಂಗಲಿಯ ಹೆಸರೆತ್ತಿದರೆ ಅವನಿಗೆ ಎದೆ ಹಾರುತ್ತಿತ್ತು. ಹಿಂದೆ ಅಲ್ಲಿದ್ದಾಗ ಹೆದ್ದಾರಿಯ ಲಾರಿಗಳೆಲ್ಲ ದಿಂಬಿನ ಮೇಲೇ ಓಡಾಡಿದ ಹಾಗಾಗಿ ನಿದ್ದೆಯೇ ಕಂಡಿರಲಿಲ್ಲ. ಅವರಿವರ ಕೈಕಾಲು ಹಿಡಿದು ಇಲ್ಲಿಗೆ ಬಂದಿದ್ದ. ಹೆಂಡತಿ ಶ್ರೀವಾಣಿಗೂ ತವರು ಪಕ್ಕದ ಬೀದಿ. ಇನ್ನು ಇಲ್ಲಿಂದ ಅಲುಗಬಾರದು, ಅವನಿಗಿದ್ದದ್ದು ಅದೊಂದೇ ಆಸೆ.

ಮಕ್ಕಳು ಮೊದಲನೆಯ ಮೆಸೇಜನ್ನು ಮಾತ್ರ ಊರಿಗೆಲ್ಲ ಕಳಿಸಿದರು. ಕದಿರೇಶ್ ಸ್ನಾನ ಮುಗಿಸಿ ಟವೆಲಿನಲ್ಲಿ ಹೊರಬಂದರೆ, ಮನೆಯ ಓನರು ಅಶ್ವತ್ಥಮ್ಮ ಯಾರೋ ಗಂಡ ಹೆಂಡತಿಗೆ ಅಡಿಗೆಮನೆ ತೋರಿಸುತ್ತಿದ್ದಾಳೆ.

"ಏನಮ್ಮಾ ಇದು?"

"ನೀನು ಹೊಂಟೋಗ್ತೀಯಂತಲ್ಲಪ್ಪಾ. ಈ ಹುಡುಗ ನರಸಾಪುರದ ಕಂಪನಿಗೆ ಹೋಗೋನು. ಬಸ್ಸು ನಮ್ಮ ಬಾಗಿಲಿಗೇ ಬರುತ್ತೆ. ಗುರುವಾರ ಹಾಲುಕ್ಕಿಸ್ತಾರಂತೆ."

"ಅದು ಸುಳ್ಳು ಸುದ್ದಿ ಕಣಮ್ಮಾ! ನಾನೇ ಬರೆದದ್ದು!"

"ದೇವುಡಾ! ನೀನೇ ಬರೆದ್ಮೇಲೆ ಇನ್ನೇನಪ್ಪಾ ಅನುಮಾನ?" ಅಂದಳು ಅಶ್ವತ್ಥಮ್ಮ.

ಶ್ರೀವಾಣಿ ಆಗಲೇ ಪಾತ್ರೆ ಮೂಟೆ ಕಟ್ಟುತ್ತಿದ್ದಳು. "ಊರಿಗೆಲ್ಲಾ ಹೇಳಿದ್ರಿ, ಕಟ್ಕೊಂಡೋಳಿಗೆ ಹೇಳ್ಲಿಲ್ಲ. ಮಾತಾಡಿಸ್ಬೇಡಿ ನನ್ನ!"

ಮಕ್ಕಳಾದರೂ ಅರ್ಥ ಮಾಡಿಕೊಂಡಾರು ಎಂದು ಅವನು ಲೈಬ್ರರಿಗೆ ಓಡಿದ. ಎಂದೂ ಆ ಕಡೆ ತಲೆಹಾಕದವರೂ ಬಂದು ತುಂಬಿಕೊಂಡಿದ್ದರು. ಕೊನೆಯ ವರ್ಷದ ವೇಣು ಹಾರ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಲೇ ವೇಣು, ಅದು ಪರೀಕ್ಷೆ ಕಣೋ. ಸುಳ್ಳು!"

"ಇಲ್ಲ ಸಾರ್, ನೀವು ಹೇಳ್ದಂಗೇ ಮೂರು ಕಡೆ ವಿಚಾರಿಸಿದ್ವಿ. ನಿಮ್ಮ ಓನರಮ್ಮ ಹೌದು ಅಂದ್ರು. ನಿಮ್ಮತ್ತೆ ಅಳ್ತಾ ಹೌದು ಅಂದ್ರು. ಟೀ ಅಂಗಡಿ ಆಂಜಿ ಅಣ್ಣ ಅಂತೂ, ನಂಗೆ ಹೋದ ವಾರಾನೇ ಗೊತ್ತಿತ್ತು ಅಂದ್ರು."

"ನಾನು ಬೆಳಗ್ಗೆ ಬರೆದಿದ್ದು ಅವನಿಗೆ ಹೋದ ವಾರ ಹೆಂಗೋ ಗೊತ್ತಾಗುತ್ತೆ? ನಾನೇ ಇಲ್ಲ ಅಂತಿದ್ದೀನಲ್ಲೋ!"

"ನೀವೊಬ್ರೇ ಅಲ್ವಾ ಸಾರ್ ಇಲ್ಲ ಅನ್ನೋದು?"

ಕದಿರೇಶನಿಗೆ ತಾನು ಮಾಡಿದ ಪಾಠವೇ ಅಡ್ಡ ನಿಂತಿತ್ತು. ಅಷ್ಟರಲ್ಲಿ ಹಾರ ಬಿತ್ತು, ಶಾಲು ಬಿತ್ತು. "ನಗಿ ಸಾರ್, ಫೋಟೋ!" ಎಂದು ಯಾರೋ ಕೂಗಿದರು. ಬೇರೆಯವರ ಮದುವೆ ಛತ್ರಕ್ಕೆ ನುಗ್ಗಿ ಮದುಮಗನ ಕುರ್ಚಿಯಲ್ಲಿ ಕೂತವನ ಹಾಗೆ ಅವನು ನಕ್ಕ.

ತನ್ನ ಮಾತು ಯಾರೂ ಕೇಳದಿದ್ದರೂ ಆಫೀಸಿನ ಮಾತು ಕೇಳದೆ ಇರುತ್ತಾರೆಯೇ? ಸಂಜೆ ಕೋಲಾರಕ್ಕೆ ಫೋನ್ ಮಾಡಿದ. ವರ್ಗಾವಣೆ ನೋಡಿಕೊಳ್ಳುತ್ತಿದ್ದ ಅನಸೂಯಮ್ಮ ಎತ್ತಿಕೊಂಡರು.

"ಮೇಡಂ, ನನಗೆ ನಂಗಲಿಗೆ ವರ್ಗ ಆಗಿಲ್ಲ ಅಂತ ಒಂದು ಸಾಲು ಬರೆದು ಕಳಿಸಿಬಿಡಿ."

"ಹೆಂಗ್ರೀ ಬರೀಲಿ? ಮಧ್ಯಾಹ್ನಾನೇ ಆರ್ಡರ್ ಆಗ್ಹೋಯ್ತಲ್ಲ."

"ಆರ್ಡರಾ!"

"ಆ ನಂಗಲಿಗೆ ಯಾರೂ ಒಪ್ತಿರಲಿಲ್ಲ. ನೀವು ಸಂತೋಷವಾಗಿ ಹೊರಟಿದ್ದೀರಿ ಅಂತ ನಿಮ್ಮ ಕಡೆಯಿಂದ್ಲೇ ಫೋನ್ ಬಂತು. ಹಿಂದೆಯೇ ಹಾರ ಹಾಕ್ಕೊಂಡ ಫೋಟೋನೂ ಬಂತು. ಎಷ್ಟು ಚೆನ್ನಾಗಿ ನಗ್ತಿದ್ರಿ!"

ಕದಿರೇಶನ ಮುಖ, ತರಕಾರಿ ಮಂಡಿಯಲ್ಲಿ ಕ್ರೇಟಿನ ಅಡಿಗೆ ಸಿಕ್ಕ ಟೊಮೇಟೊ ಹಣ್ಣಿನ ಹಾಗಾಯಿತು. ಫೋನ್ ಮಾಡಿದ ಪಾಪಿ ಯಾರಿರಬಹುದು? ಅಶ್ವತ್ಥಮ್ಮನೋ, ಆಂಜಿಯೋ? ಎಷ್ಟು ಯೋಚಿಸಿದರೂ ತಲೆ ಕೆಟ್ಟಿತೇ ಹೊರತು ಉತ್ತರ ಸಿಗಲಿಲ್ಲ.

ಗುರುವಾರ ಟೆಂಪೋಗೆ ಬೀರು ಏರಿಸುತ್ತಿದ್ದಾಗ ಶಿರೀಷಾ ಬಂದಳು. ಮೊದಲ ವರ್ಷದ ಹುಡುಗಿ, ಪಾಠವನ್ನು ಒಂದಕ್ಷರ ಬಿಡದೆ ಕೇಳುವವಳು. ಕೈಯಲ್ಲೊಂದು ಹಾಳೆ.

"ಸಾರ್, ಉತ್ತರ ತಂದಿದ್ದೀನಿ. ಎಲ್ರೂ ನಿಜ ಅಂತ ಬರೆದವ್ರೆ. ನಾನೊಬ್ಳೇ ಸುಳ್ಳು ಅಂತ ಬರ್ದಿರೋದು."

ಕದಿರೇಶನಿಗೆ ಕಣ್ಣು ತುಂಬಿತು. ಇಷ್ಟು ದೊಡ್ಡ ಊರಿನಲ್ಲಿ ಒಬ್ಬಳಾದರೂ ಕಲಿತಳಲ್ಲ! "ಹೆಂಗಮ್ಮಾ ಕಂಡುಹಿಡಿದೆ?"

"ಸುದ್ದಿ ಹುಟ್ಟಿದ ಕಡೆಗೇ ಹೋಗಿ ಕೇಳಿ ಅಂದಿದ್ರಲ್ಲ ಸಾರ್. ಸೋಮವಾರ ಬೆಳಗ್ಗೇನೇ ಕೋಲಾರದ ಆಫೀಸಿಗೆ ಫೋನ್ ಮಾಡ್ದೆ. ಅಂಥ ಆರ್ಡರೇ ಇಲ್ಲ ಅಂದ್ರು ಮೇಡಂ. ಆಮೇಲೆ ಅವರೇ, ಯಾಕಮ್ಮಾ, ಕದಿರೇಶ್ ಹೋಗೋಕೆ ಒಪ್ಪಿದ್ದಾರಾ ಅಂತ ಕೇಳಿದ್ರು. ಸರಿಯಾಗಿ ವಿಚಾರಿಸಿ ಹೇಳೋಣ ಅಂತ ಮೂರು ಕಡೆ ಕೇಳಿ, ಹೌದಂತೆ ಮೇಡಂ, ಸಂತೋಷವಾಗಿ ಹೊರಟವ್ರಂತೆ ಅಂತ ತಿಳಿಸ್ದೆ. ನಂಬಿಕೆ ಬರ್ಲಿ ಅಂತ ಫೋಟೋನೂ ಕಳಿಸ್ದೆ."

ಟೆಂಪೋದವನು ಹಾರ್ನ್ ಹೊಡೆದ. ಹುಡುಗಿ ಹಾಳೆ ಮುಂದೆ ಹಿಡಿದಳು.

"ನಂದು ಸರೀನಾ, ತಪ್ಪಾ ಸಾರ್?"

ಕದಿರೇಶ್ ಪೆನ್ನು ತೆಗೆದ, ಹಾಳೆ ನೋಡಿದ, ಟೆಂಪೋ ನೋಡಿದ, ಪೆನ್ನು ಜೇಬಿಗೆ ಹಾಕಿಕೊಂಡ. ಒಳಗೆ ಹೊಸಬರ ಹಾಲು ಉಕ್ಕುತ್ತಿತ್ತು. ತವರಿಗೆ ಹೋದ ಶ್ರೀವಾಣಿ, ಅಮ್ಮನ ಮನೆಯಿಂದ ಬರೋದಿಲ್ಲ ಎಂದು ಹೇಳಿಕಳಿಸಿದ್ದಳು. ಬೀರುವಿನ ಪಕ್ಕದಲ್ಲಿ ಕೂತು ಕದಿರೇಶ್ ಒಬ್ಬನೇ ನಂಗಲಿಗೆ ಹೊರಟ.