ಗಂಧರಾಜನಿಗೊಬ್ಬ ಡ್ರಿಲ್ ಮೇಷ್ಟ್ರು

ನಮ್ಮ ಭಾವ ಸೀಟಿ ಊದದೆ ಮಾಡುವ ಕೆಲಸ ಈ ಭೂಮಿಯ ಮೇಲೆ ಎರಡೇ ಎರಡು. ಒಂದು ಊಟ, ಇನ್ನೊಂದು ನಿದ್ದೆ. ನಿದ್ದೆಯ ವಿಷಯದಲ್ಲಿ ನಮ್ಮಕ್ಕನಿಗೆ ಅನುಮಾನವಿದೆ. "ಅವರ ಗೊರಕೆ ಕೇಳಿದ್ದೀಯೇನೇ? ಥೇಟ್ ಸೀಟಿನೇ!" ಅನ್ನುತ್ತಾಳೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಆದರೆ ಕೊರಳಲ್ಲಿದ್ದ ಸೀಟಿಯನ್ನು ಬಿಚ್ಚಿಸಿಕೊಳ್ಳುವುದನ್ನು ಮರೆತರು! ಆ ಮರೆವಿನ ಫಲವನ್ನು ಇವತ್ತಿಗೂ ಉಣ್ಣುತ್ತಿರುವವರು ನಮ್ಮಕ್ಕ, ಅವರ ಬೀದಿಯ ಜನ ಮತ್ತು ಒಂದು ಗಂಧರಾಜದ ಗಿಡ.

ಗಿಡದ ಕಥೆ ಶುರುವಾಗುವುದು ಅಕ್ಕನ ಮೂಗಿನಿಂದ. ಆ ಹಾಳು ಜ್ವರ ಮನೆಮನೆ ಹೊಕ್ಕು ಎಲ್ಲರ ಬಾಯಿಗೂ ಮಾಸ್ಕು ಕಟ್ಟಿಸಿದ ಕಾಲದಲ್ಲಿ ಅಕ್ಕನೂ ಮಲಗಿದಳು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು. ಹೋಗುವಾಗ ಮೂಗಿನ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಹಾಲು ಸೀದರೆ ಅವಳಿಗೆ ಗೊತ್ತಾಗದು. ಒಗ್ಗರಣೆ ಕರಕಾದರೆ ಗೊತ್ತಾಗದು. ಒಮ್ಮೆ ಗ್ಯಾಸು ಸೋರಿ, ಪಕ್ಕದ ಮನೆಯವರು ಓಡಿಬಂದು ಬಾಗಿಲು ಬಡಿದಾಗ ಅಕ್ಕ ಅದೇ ಒಲೆಯ ಮುಂದೆ ಕುಳಿತು ಸೊಪ್ಪು ಸೋಸುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಅವಳು ಹೂ ಮುಡಿಯುವುದನ್ನು ಬಿಟ್ಟಳು. ದಿನವೂ ಒಂದು ಮೊಳ ಕೊಳ್ಳದಿದ್ದರೆ ಬೆಳಗಾಗದಿದ್ದವಳು ಹೂವಿನವಳನ್ನು ಬಾಗಿಲಿಂದಲೇ ಕಳಿಸತೊಡಗಿದಳು. "ನಂಗೀಗ ಎಲ್ಲಾ ಹೂವೂ ಕಾಗದದ ಹೂವೇ ಕಣೇ" ಅಂದಳು ನನ್ನ ಹತ್ತಿರ. ಹೇಳಿದ್ದು ನಗುತ್ತಲೇ. ಆದರೂ ನನಗೆ ಸಂಕಟವಾಯಿತು.

ಡಾಕ್ಟರು, "ಕೆಲವರಿಗೆ ನಿಧಾನಕ್ಕೆ ವಾಪಸ್ ಬರ್ತೈತೆ, ಕೆಲವರಿಗೆ ಬರಲ್ಲ. ಗಟ್ಟಿ ವಾಸನೆ ಇರೋವನ್ನ ಮೂಸ್ತಾ ಇರ್ಲಿ. ಮೂಗಿಗೆ ದಿನಾ ಸ್ವಲ್ಪ ವ್ಯಾಯಾಮ ಕೊಡ್ರಿ" ಅಂದರಂತೆ.

ವ್ಯಾಯಾಮ! ಜನ್ಮವಿಡೀ ಊರ ಮಕ್ಕಳ ಕೈಕಾಲು ಬಗ್ಗಿಸಿದ ಮನುಷ್ಯನ ಕಿವಿಗೆ ಈ ಮಾತು ಬಿದ್ದ ಮೇಲೆ ಕೇಳಬೇಕೆ? ಮಾರನೆಯ ಬೆಳಿಗ್ಗೆಯಿಂದಲೇ ಅಂಗಳದಲ್ಲಿ ಮೂಗಿನ ಡ್ರಿಲ್ ಶುರು. ಸ್ಟೂಲಿನ ಮೇಲೆ ಲವಂಗ, ನಿಂಬೆಹಣ್ಣು, ಕಾಫಿಪುಡಿ, ಇಂಗು ಸಾಲಾಗಿ ನಿಂತವು. ಭಾವ ಸೀಟಿ ಊದಿದರೆ ಅಕ್ಕ ಉಸಿರು ಒಳಗೆ ಎಳೆಯಬೇಕು, ಇನ್ನೊಂದು ಸೀಟಿಗೆ ಬಿಡಬೇಕು.

"ಎಳ್ಕೋ! ಒಂದ್, ಎಲ್ಡ್... ಏನ್ ಬಂತು?"

"ಏನೂ ಬರ್ಲಿಲ್ಲ."

"ಮತ್ತೆ ಎಳ್ಕೋ! ಎದೆ ಎತ್ತು!"

"ನಾನೇನು ಪೊಲೀಸ್ ನಾಯೇನ್ರೀ?" ಎಂದು ಅಕ್ಕ ಎದ್ದು ಒಳಗೆ ಹೋದಳು. ಭಾವ ಸೋಲು ಒಪ್ಪುವ ಪೈಕಿಯಲ್ಲ. ಸಂಪಿಗೆ ತಂದರು, ಕೇದಗೆ ತಂದರು, ಮಲ್ಲಿಗೆಯನ್ನು ಚೀಲಗಟ್ಟಲೆ ತಂದರು. ಮನೆಗೆ ಬಂದ ನೆಂಟರು ಯಾರಿಗೆ ಮದುವೆ ಎಂದು ಕೇಳುವ ಹಾಗಾಯಿತು. ಅಕ್ಕನ ಮೂಗು ಮಾತ್ರ ಕದಲಲಿಲ್ಲ.

ಆಗ ಭಾವ ಒಂದು ದಿನ, "ಗಂಧರಾಜ ಬೆಳೆಸ್ತೀನಿ. ಅದೊಂದು ಅರಳಲಿ, ಮೂಗು ತಾನೇ ತೆಗೀತೈತೆ" ಎಂದು ಘೋಷಿಸಿದರು.

"ಅಷ್ಟೊಂದು ಹೂವು ಆದವಲ್ಲ ಭಾವ, ಇದರಲ್ಲೇನು ವಿಶೇಷ?" ಎಂದೆ.

"ನಿಂಗೇನ್ ಗೊತ್ತು, ಸುಮ್ನಿರಮ್ಮ" ಎಂದು ನನ್ನ ಬಾಯಿ ಮುಚ್ಚಿಸಿದರು.

ನನಗೇ ಗೊತ್ತಿಲ್ಲವೆ? ತಾಳ್ಯದಲ್ಲಿ ನಾವು ಹುಟ್ಟಿ ಬೆಳೆದ ಮನೆಯ ಬಚ್ಚಲ ಪಕ್ಕದಲ್ಲೇ ಒಂದು ಗಂಧರಾಜ ಇತ್ತು. ಬೆಣ್ಣೆ ಮುದ್ದೆಯಂಥ ಹೂವು, ಬೀದಿಯ ತುದಿಯವರೆಗೆ ವಾಸನೆ. ಆದರೆ ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲವೆಂದು ಅವ್ವನ ಕಟ್ಟಾಜ್ಞೆ. ನಾನು ಕದ್ದು ಮೂಸುತ್ತಿದ್ದೆ. ಅಕ್ಕ ಮಾತ್ರ ಉಸಿರು ಬಿಗಿಹಿಡಿದು ಕೊಯ್ದು, ಹಾಗೇ ದೇವರ ಮನೆಗೆ ಓಡುತ್ತಿದ್ದಳು. ಉಳಿದದ್ದನ್ನು ಅವ್ವ ಅವಳ ಜಡೆಗೆ ಮುಡಿಸುತ್ತಿದ್ದಳು. ಮುಡಿದ ಹೂವಿನ ವಾಸನೆ ಮುಡಿದವಳಿಗೆಲ್ಲಿ ಬರುತ್ತದೆ? ಅದೇನಿದ್ದರೂ ಹಿಂದೆ ನಿಂತವರ ಪಾಲು. ನಿಜ ಹೇಳಬೇಕೆಂದರೆ ನಮ್ಮಕ್ಕ ಆ ಹೂವನ್ನು ಜೀವನದಲ್ಲಿ ಒಮ್ಮೆಯೂ ನೆಟ್ಟಗೆ ಮೂಸಿದವಳೇ ಅಲ್ಲ.

ಭಾವ ಹಿರಿಯೂರಿನ ನರ್ಸರಿಯೊಂದರಿಂದ ಸಸಿ ತಂದರು. ಬಸ್ಸಿನಲ್ಲಿ ಅದನ್ನು ಕಾಲ ಬಳಿ ಇಡಲು ಮನಸ್ಸು ಬರದೆ ಪಕ್ಕದ ಸೀಟಿನಲ್ಲಿ ಕೂರಿಸಿದರಂತೆ. ಕಂಡಕ್ಟರು, "ಏನ್ರಿ ಯಜಮಾನ್ರೆ, ಗಿಡಕ್ಕೆ ಸೀಟಾ? ಕೆಳಗಿಡ್ರಿ, ಜನ ನಿಂತವ್ರೆ" ಅಂದ. "ಅದಕ್ಕೂ ಒಂದು ಟಿಕೆಟ್ ಹರೀರಿ" ಅಂದರು ಭಾವ. "ಫುಲ್ಲೋ ಹಾಫೋ?" ಎಂದು ಅವನು ಕೇಳಿದ. ಭಾವ ಗಿಡವನ್ನು ಮೇಲಿಂದ ಕೆಳಗೆ ನೋಡಿ, ಗಂಭೀರವಾಗಿ "ಹಾಫು" ಅಂದರಂತೆ! ಬಸ್ಸಿಗೆ ಬಸ್ಸೇ ನಕ್ಕಿತಂತೆ. ಇದನ್ನು ಹೇಳುವಾಗಲೂ ಭಾವನ ಮುಖದಲ್ಲಿ ನಗುವಿಲ್ಲ. ಅದರ ವಯಸ್ಸಿಗೆ ಹಾಫೇ ನ್ಯಾಯ ಎಂದು ಅವರ ವಾದ.

ಮನೆಗೆ ತಂದು ದೊಡ್ಡ ಕುಂಡದಲ್ಲಿ ನೆಟ್ಟಾಯಿತು. ಮಕ್ಕಳು ಚೆಂಡು ಒದ್ದಾರು, ಕರು ಬಾಯಿ ಹಾಕೀತು ಎಂಬ ಭಯ ಭಾವನಿಗೆ. ಡ್ರಿಲ್ ಮೇಷ್ಟ್ರು ಏನು ಮಾಡುತ್ತಾರೆ ಹೇಳಿ? ಸುಣ್ಣದ ಪುಡಿ ತಂದು ಗೆರೆ ಹಾಕುತ್ತಾರೆ! ಓಟದ ಮೈದಾನದ ಹಾಗೆ ಕುಂಡದ ಸುತ್ತ ಗುಂಡಗೆ ಒಂದು ಗೆರೆ, ಕುಂಡದ ಕಂಠಕ್ಕೆ ಎರಡು ಪಟ್ಟೆ ಸುಣ್ಣ, ಗೆದ್ದಲು ಹತ್ತದಿರಲೆಂದು ಬುಡದ ಮಣ್ಣಿಗೂ ಒಂದು ಹಿಡಿ. "ಈ ಗೆರೆ ಯಾರಾದ್ರೂ ದಾಟಿದ್ರೆ ನೋಡ್ರಿ" ಎಂದು ಸೀಟಿ ಊದಿದರು. ಯಾರೂ ದಾಟಲಿಲ್ಲ. ಸುಣ್ಣ ದಾಟಿತು. ನೀರು ಹಾಕಿದಂತೆಲ್ಲ ಅದು ಬೇರಿಗಿಳಿದು ಗಿಡದ ಎಲೆಗಳು ಅರಿಶಿನ ಮೆತ್ತಿದ ಹಾಗೆ ಹಳದಿಯಾದವು.

ಎಲೆ ಕಿತ್ತುಕೊಂಡು ಮತ್ತೆ ಹಿರಿಯೂರಿಗೆ ಓಡಿದರು. ನರ್ಸರಿಯವನು ತಲೆ ಚಚ್ಚಿಕೊಂಡನಂತೆ. "ಅದಕ್ಕೆ ಹುಳಿ ಮಣ್ಣು ಬೇಕು ಸಾರ್. ಸುಣ್ಣ ಹಾಕ್ತಾರೇನ್ರಿ? ನಿಮ್ ದುರ್ಗದ ಬೋರ್ ನೀರೇ ಅರ್ಧ ಸುಣ್ಣ!"

ಅಲ್ಲಿಂದ ಮುಂದೆ ಮನೆಯಲ್ಲಿದ್ದ ಹುಳಿಯೆಲ್ಲ ಗಿಡದ ಪಾಲಾಯಿತು. ಮಣ್ಣು ಬದಲಾಯಿಸಿದರು. ಹುಣಸೆಹಣ್ಣಿನ ತಿಳಿ, ಹಿಂಡಿದ ನಿಂಬೆಯ ಸಿಪ್ಪೆ, ಹುಳಿ ಮಜ್ಜಿಗೆ, ಎಲ್ಲವೂ ಅದಕ್ಕೇ. ನಾನೊಂದು ಸಲ ಊಟಕ್ಕೆ ಕೂತಾಗ ಸಾರು ಸಪ್ಪಗಿತ್ತು. "ಅಕ್ಕಾ, ಹುಳಿ ಹಾಕಿಲ್ವೇನೇ?" ಅಂದೆ. "ಹಾಕೈತೆ, ಕುಂಡಕ್ಕೆ" ಅಂದಳು.

ಇನ್ನು ನೀರು. ಮಳೆನೀರು ಒಳ್ಳೆಯದಂತೆ. ನಮ್ಮ ದುರ್ಗದ ಮಳೆಯನ್ನು ನಂಬಿ ಹೂವಿನ ಗಿಡ ಸಾಕುವುದುಂಟೆ? ಎದುರು ಮನೆಯ ಲಾಯರು ಹೊಸದಾಗಿ ಹಾಕಿಸಿದ್ದ ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಸುಣ್ಣದ ಅಂಶವಿಲ್ಲವೆಂದು ಭಾವನಿಗೆ ಯಾರೋ ಹೇಳಿದರು. ಬೇಸಿಗೆಯಿಡೀ ಲಾಯರ ಗೋಡೆಗೆ ಭಾವನ ಬಕೆಟ್ಟು ಒರಗಿತ್ತು. ಕೋಟೆಯ ಬಂಡೆಗಳು ಕಾದು ಊರೆಲ್ಲ ಬೇಯುತ್ತಿದ್ದರೆ ಭಾವನೊಬ್ಬರೇ ಸಂತೋಷವಾಗಿದ್ದರು. ತೊಂದರೆಯಾದದ್ದು ಚಳಿಗಾಲದಲ್ಲಿ. ಒಂದು ಬೆಳಿಗ್ಗೆ ಲಾಯರು ಮಫ್ಲರು ಸುತ್ತಿಕೊಂಡು ಬಾಗಿಲು ತೆರೆದರೆ ಎದುರಿಗೆ ಖಾಲಿ ಬಕೆಟ್ ಹಿಡಿದ ಭಾವ.

"ಏನ್ ಸಾರ್, ಎಸಿ ಹಾಕೇ ಇಲ್ಲ?"

"ಮೇಷ್ಟ್ರೆ, ಹಲ್ಲು ಕಟಕಟ ಅಂತಾವ್ರಿ ಚಳಿಗೆ!"

"ಒಂದೈದ್ ನಿಮಿಷ ಹಾಕ್ರಿ. ನೀವು ಬೇಕಾದ್ರೆ ನಮ್ಮನೆಗೆ ಬಂದು ಬಿಸಿಲಿಗೆ ಕುಂತ್ಕಳ್ರಿ."

ಎಂಥೆಂಥ ಕೇಸು ಗೆದ್ದ ಲಾಯರು! ಅವತ್ತು ವಾದ ಸೋತು ಎಸಿ ಹಾಕಿದರು. ಚಳಿಗಾಲದ ಎಸಿಯಿಂದ ನೀರೇ ಬರಲಿಲ್ಲ ಅನ್ನುವುದು ಬೇರೆ ಮಾತು.

ಹೋದ ವರ್ಷ ಮೊದಲ ಸಲ ಮೊಗ್ಗು ಬಂತು. ಹಸಿರು ಬತ್ತಿಯ ಹಾಗೆ ಸುರುಳಿ ಸುತ್ತಿದ ಮೊಗ್ಗು. ಭಾವನಿಗೆ ಹಿಗ್ಗೋ ಹಿಗ್ಗು. ಬಿಸಿಲು ಎತ್ತ ಹೋದರೆ ಅತ್ತ ಕುಂಡವನ್ನು ನಡೆಸತೊಡಗಿದರು, ಬೆಳಿಗ್ಗೆ ಜಗುಲಿ, ಮಧ್ಯಾಹ್ನ ತುಳಸಿಕಟ್ಟೆ, ಸಂಜೆ ಗೇಟು. ಗಂಧರಾಜಕ್ಕೆ ಜಾಗ ಬದಲಾಯಿಸಿದರೆ ಕೋಪವಂತೆ. ಲೆಫ್ಟ್ ರೈಟ್ ತಡೆಯಲಾರದೆ ಮೊಗ್ಗುಗಳೆಲ್ಲ ಒಂದೊಂದಾಗಿ ಉದುರಿಬಿದ್ದವು. ಆ ವಾರ ಸೀಟಿಯ ಸದ್ದು ಕೇಳದೆ ಬೀದಿಯವರು ಗಾಬರಿಯಾಗಿ, "ಮೇಷ್ಟ್ರು ಹುಷಾರಾಗವ್ರಾ?" ಎಂದು ಬಂದು ವಿಚಾರಿಸಿದರು. ಅಕ್ಕ ಅವರ ಮುಂದೆ ಉಪ್ಪಿಟ್ಟಿಟ್ಟು, "ಬಿಡ್ರಿ ಅತ್ಲಾಗೆ. ವಾಸ್ನೆ ಇಲ್ದೇನೂ ಬದುಕ್ಬೋದು" ಅಂದಳು. ಭಾವ ತಲೆ ಎತ್ತಲಿಲ್ಲ. "ನಂಗೆ ಆಗಲ್ಲ" ಅಂದರು. ಮೂಗು ಹೋದದ್ದು ಅಕ್ಕನದು, ಆಗದಿರುವುದು ಇವರಿಗೆ! ಹೀಗೆಂದು ನಾನು ಹೊಳಲ್ಕೆರೆಗೆ ಹಿಂದಿರುಗಿ ನನ್ನ ಮನೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಈ ವರ್ಷ ಕುಂಡ ಕದಲಲಿಲ್ಲ. ಮುಂಗಾರು ಎರಡು ಸಲ ಸುರಿದು ಹೋಯಿತು. ಭಾವನ ಫೋನು ಬಂತು. "ನಾಳೆ ಅರಳ್ತೈತೆ. ಮೊದ್ಲನೇ ಬಸ್ಸಿಗೆ ಬಾ."

ಹೋದೆ. ಅಕ್ಕ ಹಾಲು ಒಲೆಯ ಮೇಲಿಟ್ಟು ಅಂಗಳಕ್ಕೆ ಬಂದಿದ್ದಳು. ಭಾವ ಸ್ನಾನ ಮಾಡಿ, ಸ್ವಾತಂತ್ರ್ಯ ದಿನಾಚರಣೆಯ ಬಿಳಿ ಅಂಗಿ ಬಿಳಿ ಪ್ಯಾಂಟು ತೊಟ್ಟು ನಿಂತಿದ್ದರು. ಗಿಡದ ತುದಿಯಲ್ಲಿ ಒಂದೇ ಒಂದು ಹೂವು ಅರಳಿತ್ತು. ಗೇಟಿನ ಹತ್ತಿರಕ್ಕೇ ಅದರ ವಾಸನೆ ಬಂದು ನನ್ನನ್ನು ತಾಳ್ಯದ ಬಚ್ಚಲ ಪಕ್ಕಕ್ಕೆ ಕರೆದೊಯ್ದಿತು. ಭಾವ ಹೂವನ್ನು ಕೊಯ್ದರು. ಮನೆಗೆ ತಂದ ಸೌತೇಕಾಯಿಯನ್ನೂ ಮೊದಲು ದೇವರಿಗೆ ತೋರಿಸುವ ಮನುಷ್ಯ ಅದನ್ನು ನೆಟ್ಟಗೆ ಅಕ್ಕನ ಮೂಗಿನ ಹತ್ತಿರ ಹಿಡಿದರು.

"ಅಯ್ಯೋ, ದೇವ್ರಿಗೆ ಮೊದ್ಲು ರೀ!"

"ದೇವ್ರು ಕಾಯ್ತಾನೆ ಬಿಡು. ಎಳ್ಕೋ."

ಅವತ್ತು ಸೀಟಿ ಇರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಉಸಿರೆಳೆದಳು. ಬಿಟ್ಟಳು. ಮತ್ತೊಮ್ಮೆ ಎಳೆದಳು. ನಾನು ಮಾತ್ರ ಉಸಿರು ಹಿಡಿದು ನಿಂತಿದ್ದೆ.

"ಇಲ್ಲ ರೀ" ಅಂದಳು ಮೆಲ್ಲಗೆ. "ಏನೂ ಇಲ್ಲ."

ಭಾವನ ಕೈ ಹಾಗೇ ನಿಂತುಬಿಟ್ಟಿತು. ಅಕ್ಕ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಹೋಗ್ಲಿ, ನೀವೇ ಮೂಸಿ ಹೇಳ್ರಿ. ಹೆಂಗೈತೆ?"

"ಹೆಂಗೈತೆ ಅಂದ್ರೆ... ಚೆನ್ನಾಗೈತೆ."

"ಚೆನ್ನಾಗೈತೆ ಅಂದ್ರೆ? ನಂಗೆ ತಿಳಿಯಂಗೆ ಹೇಳ್ರಿ."

ಪಾಪ, ಭಾವನಿಗೆ ಗೊತ್ತಿದ್ದ ಮಾತೆಲ್ಲ ಸಾವಧಾನ್, ವಿಶ್ರಾಮ್. ಇನ್ನೊಮ್ಮೆ ಮೂಸಿದರು. ನೆಲ ನೋಡುತ್ತ ಹೇಳಿದರು.

"ಮದ್ವೆ ಮಾರನೇ ದಿನ ತಾಳ್ಯದಿಂದ ಬಸ್ಸಿಗೆ ಬಂದ್ವಲ್ಲ. ನೀನು ಕಿಟಕಿ ಕಡೆ ಕುಂತಿದ್ದೆ. ಇಬ್ರೂ ಮಾತಾಡ್ಲಿಲ್ಲ. ಗಾಳಿಗೆ ನಿನ್ ಜಡೆ ಹೂವಿನ ವಾಸ್ನೆ ದುರ್ಗ ಬರೋಗಂಟ ನನ್ ಮುಖಕ್ಕೆ ಬಡೀತಿತ್ತು. ದಾರೀಲಿ ಬಸ್ಸೆಲ್ಲ ಖಾಲಿ ಆದ್ರೂ ನಾನು ಬೇರೆ ಸೀಟಿಗೆ ಹೋಗ್ಲಿಲ್ಲ. ಹಂಗೈತೆ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಅವರಿಗೆ ಬೆನ್ನು ಮಾಡಿ ನಿಂತಳು. ಎಷ್ಟೋ ವರ್ಷಗಳಿಂದ ಬೋಳಾಗಿದ್ದ ಜಡೆ. ಭಾವ ಗಾಬರಿಯಿಂದ ಹೂವನ್ನು ನನ್ನತ್ತ ಚಾಚಿದರು. "ನೀನು ಮುಡ್ಸಮ್ಮ. ನಂಗೆ ಬರಲ್ಲ."

"ಅವಳಲ್ಲ" ಅಂದಳು ಅಕ್ಕ, ತಿರುಗದೆಯೇ. "ನೀವೇ ಮುಡ್ಸ್ರಿ."

ಭಾವನ ಬೆರಳುಗಳಿಗೆ ಆ ಒಂದು ಹೂವನ್ನು ಸಿಕ್ಕಿಸಲು ಬಹಳ ಹೊತ್ತು ಹಿಡಿಯಿತು. ನಾನು ನೋಡುತ್ತ ನಿಂತೆ. ಆಮೇಲೆ ಒಳಗೆ ಹೋದರೆ ಒಲೆಯ ಮೇಲಿದ್ದ ಹಾಲು ಉಕ್ಕಿ, ಬತ್ತಿ, ತಳ ಹಿಡಿದು ಅಡುಗೆಮನೆಯೆಲ್ಲ ಹೊಗೆಯಾಗಿತ್ತು. ಮೂಗು ನೆಟ್ಟಗಿದ್ದ ನಮ್ಮಿಬ್ಬರಿಗೂ ಅದರ ವಾಸನೆ ಬಂದಿರಲಿಲ್ಲ.