ಪ್ಲೈವುಡ್ ಕ್ಯಾಂಪಿನ ಬೆಂಕಿ ಪಡೆ

ಬೆಂಕಿ ಆರಿಸುವ ಕೆಲಸ ಒಪ್ಪಿಕೊಂಡವನಿಗೆ ಬೆಂಕಿಗಿಂತ ಮನುಷ್ಯರ ಕಾಟವೇ ಹೆಚ್ಚು, ಆ ಕಾಟಕ್ಕೆ ಶುಕ್ರವಾರದ ರಜೆಯೂ ಇಲ್ಲ. ಎಂಬತ್ತರ ದಶಕದಲ್ಲಿ ನಾನು ಸೌದಿಯ ರಾಸ್ ತನೂರಾ ರಸ್ತೆಯ ಒಂದು ಕಂಪನಿ ಕ್ಯಾಂಪಿನಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಸಾಲಾಗಿ ಎಂಟು ಪ್ಲೈವುಡ್ ಬ್ಯಾರಕ್ಕುಗಳು. ಒಂದಕ್ಕೆ ಹೊತ್ತಿಕೊಂಡರೆ ಎಂಟೂ ಬೂದಿ. ಸರ್ಕಾರಿ ಬೆಂಕಿ ಗಾಡಿ ಬರಲು ಮುಕ್ಕಾಲು ಗಂಟೆ ಬೇಕು. ಹಾಗಾಗಿ ಕೆಲಸಗಾರರಲ್ಲೇ ಹನ್ನೆರಡು ಜನರನ್ನು ಆರಿಸಿ ಸ್ವಯಂಸೇವಕರ ಬೆಂಕಿ ಪಡೆ ಕಟ್ಟಿದರು. ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಬರೆದ ಇಂಗ್ಲಿಷ್ ಓದಲು ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ನನ್ನನ್ನು ಮುಖ್ಯಸ್ಥ ಮಾಡಿದರು.

ಉಳಿದವರಿಗೆ ಇದು ತಮಾಷೆ. ನನಗಲ್ಲ. ಒಂದನೇ ಬ್ಯಾರಕ್ಕಿನಲ್ಲಿ ನನ್ನ ತಂಗಿಯ ಗಂಡ, ನಮ್ಮ ಭಾವ, ಇದ್ದರು. ವೀಸಾ ಮಾಡಿಸಿ ಕರೆತಂದವನು ನಾನೇ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದರೆಂದರೆ ಕಿವಿಯ ಹತ್ತಿರ ಡೋಲು ಬಡಿದರೂ ಏಳುವ ಜನ ಅಲ್ಲ.

೧. ಬಸಳೆ

ಮೆಸ್ಸಿನ ಗೋಡೆಗೆ ಮರಳು ತುಂಬಿದ ಆರು ಕೆಂಪು ಬಕೆಟ್ ತೂಗುಹಾಕಿದ್ದೆ. ತಿಂಗಳು ಬಿಟ್ಟು ನೋಡಿದರೆ ಎರಡರಲ್ಲಿ ಬಸಳೆ! ಬಳ್ಳಿ ಕಿಟಕಿಯ ಸರಳು ಹಿಡಿದು ಮೇಲೇರಿತ್ತು. ಕುಂದಾಪುರ ಕಡೆಯ ಅಡುಗೆಯವನು ಊರಿಂದ ಪೆಟ್ಟಿಗೆಯಲ್ಲಿ ದಂಟು ತಂದು, ಮರಳಿಗೆ ಚಹಾದ ಚರಟ ಬೆರೆಸಿ ನೆಟ್ಟಿದ್ದ. ನನಗೆ ಪಿತ್ತ ನೆತ್ತಿಗೇರಿತು.

"ಎಂತ ಮಾರಾಯ ಇದು? ನಾಳೆ ಬೆಂಕಿ ಬಿದ್ದರೆ ಎಂತ ಹಾಕುವುದು?"

"ಬೆಂಕಿ ಯಾವತ್ತು ಬೀಳ್ತದೆ ಹೇಳಿ, ಹಿಂದಿನ ದಿನವೇ ಕೊಯ್ದು ಖಾಲಿ ಮಾಡಿ ಕೊಡ್ತೇನೆ" ಅಂದ.

ಅವನ ಮೇಲೆ ದೂರು ಬರೆಯಲು ಕೂತೆ. ಅಷ್ಟರಲ್ಲಿ ಒಣ ಸಿಗಡಿ ಹಾಕಿದ ಬಸಳೆ ಗಸಿ ಬಂತು. ಸಿಟ್ಟಿನಲ್ಲೇ ಎರಡು ತಟ್ಟೆ ಉಂಡು, ದೂರಿನ ಕಾಗದಕ್ಕೆ ಕೈ ಒರೆಸಿದೆ.

೨. ಎರಡೇ ಕೈ

ಗಂಟೆ ಬಾರಿಸಿದ ಕೂಡಲೇ ಪಡೆಯವರು ಬಕೆಟ್ ಹಿಡಿದು ಸಾಲಾಗಿ ನಿಲ್ಲಬೇಕು. ಇಷ್ಟನ್ನು ಹೇಳಿಕೊಡಲು ಎರಡು ವಾರ ಗಂಟಲು ಹರಿದುಕೊಂಡಿದ್ದೆ. ಅಭ್ಯಾಸದ ದಿನ ಗಂಟೆ ಬಾರಿಸಿದೆ. ಎರಡೇ ನಿಮಿಷದಲ್ಲಿ ಓಡಿ ಬಂದರು, ಒಪ್ಪಿದೆ. ಆದರೆ ಒಬ್ಬನ ಕೈಯಲ್ಲಿ ಟೂ-ಇನ್-ಒನ್ ಟೇಪ್ ರೇಡಿಯೊ, ಇನ್ನೊಬ್ಬನ ತಲೆಯ ಮೇಲೆ ಊರಿಗೆಂದು ಹಗ್ಗ ಬಿಗಿದಿಟ್ಟ ಕಾರ್ಟನ್, ಮತ್ತೊಬ್ಬನ ಹೆಗಲಲ್ಲಿ ಹುಲಿ ಚಿತ್ರದ ಕಂಬಳಿ. ಮುಂದಿನ ವಾರ ರಜೆಗೆ ಹೊರಟಿದ್ದ ಎಲೆಕ್ಟ್ರಿಶಿಯನ್ ಮೂರು ಹೊಸ ಅಂಗಿಗಳನ್ನು ಒಂದರ ಮೇಲೊಂದು ಹಾಕಿಕೊಂಡು ಬೆವರುತ್ತಿದ್ದ.

"ಬಕೆಟ್ ಎಲ್ಲಿ?" ಎಂದು ಕಿರುಚಿದೆ.

"ಇರುವುದು ಎರಡೇ ಕೈ ಅಲ್ವಾ ಸಾರ್" ಅಂದ ಕಾರ್ಟನ್ ಹೊತ್ತವನು.

ಭಾವ ಮಾತ್ರ ಏನನ್ನೂ ಹೊತ್ತು ತರಲಿಲ್ಲ. ಅವರು ಎದ್ದೇ ಇರಲಿಲ್ಲ.

೩. ಪೈಪಿನ ತರ್ಕ

ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮ ನೀರಿನ ಪೈಪು ಒಂದನೇ ಬ್ಯಾರಕ್ಕಿಗೆ ಹದಿನೈದು ಹೆಜ್ಜೆ ಕಡಿಮೆ. ನಾಲ್ಕು ಅರ್ಜಿ ಬರೆದೆ. ಕ್ಯಾಂಪ್ ಬಾಸ್ ಏಸಿಯ ಕೆಳಗೆ ಕೂತು ಪ್ರತಿ ಸಲವೂ "ಬುಕ್ರಾ" ಅನ್ನುತ್ತಿದ್ದ, ಅಂದರೆ ನಾಳೆ. ಐದನೇ ಸಲ ಅವನ ಮೇಜು ಕುಟ್ಟಿಯೇಬಿಟ್ಟೆ. ಆತ ಸಮಾಧಾನವಾಗಿ ಹಿಂದಿಯಲ್ಲಿ ನನಗೆ ಪಾಠ ಮಾಡಿದ:

"ನೋಡಿ, ಬೆಂಕಿ ದೂರ ಇದ್ದರೆ ನಮಗೆ ಭಯವಿಲ್ಲ. ಹತ್ತಿರ ಬಂದರೆ ಪೈಪು ಮುಟ್ಟುತ್ತದೆ. ಮತ್ತೆ ತೊಂದರೆ ಎಲ್ಲಿ?"

ದಡ್ಡರನ್ನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ತಯಾರಿ ಮಾಡಿಕೊಂಡ ದಡ್ಡನನ್ನು ನೋಡಿರಲಿಲ್ಲ.

೪. ಶುಕ್ರವಾರದ ಊಟ

ಅಂದು ಮಧ್ಯಾಹ್ನ ಹೊತ್ತಿಕೊಂಡದ್ದು ಬಾಸಿನ ಏಸಿಯೇ. ಅವನ ಆಫೀಸಿನ ಒಂದು ಪಕ್ಕಕ್ಕೆ ಮೆಸ್, ಇನ್ನೊಂದು ಪಕ್ಕಕ್ಕೆ ಒಂದನೇ ಬ್ಯಾರಕ್. ಬಾಸ್ "ಪಾನಿ! ಪಾನಿ!" ಎನ್ನುತ್ತ ಹೊರಗೋಡಿ ಬಂದ. ಎಲೆಕ್ಟ್ರಿಶಿಯನ್ ಮೈನ್ ಸ್ವಿಚ್ ಆರಿಸಿದ. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಬೆಳಗಿನ ನೀರಿನ ಟ್ಯಾಂಕರ್ ಬಂದೇ ಇರಲಿಲ್ಲ. ಸಿಲಿಂಡರ್ ಒತ್ತಿದರೆ ಫುಸ್ಸೆಂದಿತು. ಇದ್ದ ಮರಳು ಸಾಲಲಿಲ್ಲ. ಪ್ಲೈವುಡ್ಡಿನ ಆಚೆ ಭಾವ ನಿದ್ದೆಯಲ್ಲಿದ್ದರು. ತಂಗಿಗೆ ಏನು ಹೇಳಲಿ? ನಾಲ್ವರನ್ನು ಅವರತ್ತ ಅಟ್ಟಿ, ನಾನು ಮೆಸ್ಸಿಗೆ ನುಗ್ಗಿದೆ.

ಒಲೆಯ ಮೇಲೆ ನೂರಿಪ್ಪತ್ತು ಜನರ ಊಟ: ಒಂದು ದೊಡ್ಡ ಪಾತ್ರೆ ಸಾರು, ಒಂದು ದೊಡ್ಡ ಪಾತ್ರೆ ಸಾಂಬಾರು. ಅಡುಗೆಯವನು ಅಡ್ಡ ನಿಂತ.

"ಅಯ್ಯೋ, ಈಗಷ್ಟೇ ಒಗ್ಗರಣೆ ಹಾಕಿದ್ದು!"

"ಯಲ್ಲಾ, ಬೇಗ ಎತ್ತು!" ಎಂದು ಗದರಿದೆ.

ಬಕೆಟ್ಟಿನಲ್ಲಿ ತುಂಬಿ ತುಂಬಿ ಮೊದಲು ಸಾರು ಎರಚಿದೆವು. ಅರ್ಧ ಬೆಂಕಿ ತಗ್ಗಿತು. ಆಮೇಲೆ ಸಾಂಬಾರು, ನುಗ್ಗೆಕಾಯಿ ಸಮೇತ. ಬೆಂಕಿ ಆರಿತು. ಬ್ಯಾರಕ್ಕಿನ ಗೋಡೆ ಕಪ್ಪಾಗಿತ್ತು, ಅಷ್ಟೇ. ಆ ನಾಲ್ವರು ಮಂಚದ ಸಮೇತ ಹೊರಗೆ ತಂದಿಟ್ಟಿದ್ದ ಭಾವ ಬಿಸಿಲಿಗೆ ಕಣ್ಣು ಬಿಟ್ಟು, ಮೂಗರಳಿಸಿ, "ಊಟ ಆಯ್ತಾ?" ಎಂದು ಕೇಳಿದರು. ತಬ್ಬಿಕೊಳ್ಳಬೇಕೋ ಎರಡು ಬಿಗಿಯಬೇಕೋ ನನಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಬಾಸಿನಿಂದ ಮೆಮೊ ಬಂತು. ಥ್ಯಾಂಕ್ಸ್ ಎಂಬ ಒಂದು ಅಕ್ಷರವಿಲ್ಲ. ಕೆಲಸಗಾರರ ಊಟ ಹಾಳು ಮಾಡಿ, ಕಂಪನಿ ಆಫೀಸಿನ ಮೇಲೆ ಸಾಂಬಾರು ಸುರಿದದ್ದು ಏಕೆಂದು ಲಿಖಿತ ವಿವರಣೆ ಕೊಡಬೇಕಂತೆ! ಟ್ಯಾಂಕರ್, ಪೈಪು, ಸಿಲಿಂಡರ್, ಎಲ್ಲ ಸೇರಿಸಿ ಬೈದು ಮೂರು ಹಾಳೆ ಬರೆದೆ. ಮೂರನ್ನೂ ಹರಿದು ಹಾಕಿದೆ. ಕೊನೆಗೆ ಒಂದೇ ಸಾಲು ಬರೆದು, ಮುಖ್ಯಸ್ಥ ಎಂದು ಸಹಿ ಹಾಕಿ, ಅವನ ಮೇಜಿನ ಮೇಲೆ ಎಸೆದು ಬಂದೆ:

"ಸಾರು ಮುಗಿದಿತ್ತು."